ಹೇಳಿ ಹೋದವರು, ಹೇಳದೆ ಹೋದವರು

ಕೊರೊನಾ ಕಾಲ ಮುಗಿದು ಮಸ್ಕತ್ತಿನ ಹೋಟೆಲುಗಳಲ್ಲಿ ಮತ್ತೆ ಸಭೆ ಸಮ್ಮೇಳನಗಳು ಶುರುವಾಗಿದ್ದ ವರ್ಷ ಅದು. ನಾನಾಗ ಅರಬ್ಬಿ ಮತ್ತು ಇಂಗ್ಲಿಷ್ ನಡುವಿನ ಇಂಟರ್‌ಪ್ರಿಟರ್ ಆಗಿ, ಯಾವ ಕಚೇರಿಗೂ ಕಟ್ಟುಬೀಳದೆ, ಕರೆದವರಲ್ಲಿಗೆ ಹೋಗಿ ಕೆಲಸ ಮಾಡುತ್ತಿದ್ದೆ. ಮೂಲ್ಕಿ ಕಡೆಯ ತುಳು ಮನೆಯವಳಿಗೆ ಅರಬ್ಬಿ ಎಲ್ಲಿಂದ ಬಂತು ಎಂದು ಈಗಲೂ ಜನ ಕೇಳುತ್ತಾರೆ. ನಾನು ಬೆಳೆದದ್ದು ಮಸ್ಕತ್ತಿನದೇ ವಾದಿ ಕಬೀರ್ ಬಡಾವಣೆಯಲ್ಲಿ. ಅಪ್ಪ ಅಲ್ಲಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಶಾಲೆಯ ಅರಬ್ಬಿ ಪರೀಕ್ಷೆ ಪಾಸಾಗಲು ಸಾಕಾಗುವಷ್ಟಿತ್ತು. ಮಾತಿನ ಅರಬ್ಬಿಯನ್ನು ಕಲಿಸಿದ್ದು ಪಕ್ಕದ ಮನೆಯ ಯೆಮೆನಿ ಹೆಂಗಸರು. ಮುಂದೆ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಾತನ್ನು ವೈದ್ಯರಿಗೆ ದಾಟಿಸುವ ಕೆಲಸ ಸಿಕ್ಕಿತು, ಆಮೇಲೆ ತರಬೇತಿ, ಆಮೇಲೆ ಬೂತ್.

ಬೂತ್ ಎಂದರೆ ಸಭಾಂಗಣದ ಹಿಂಬದಿಯಲ್ಲಿರುವ ಗಾಜಿನ ಗೂಡು. ಒಳಗೆ ಇಬ್ಬರು ಕೂರುತ್ತೇವೆ. ಒಬ್ಬರು ದಣಿದಾಗ ಇನ್ನೊಬ್ಬರು ಮೈಕ್ ತೆಗೆದುಕೊಳ್ಳುತ್ತಾರೆ. ಹೊರಗಿನವರು ಮಾತನಾಡುತ್ತಿರುವಾಗಲೇ ನಾವು ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತಿರಬೇಕು. ನಮ್ಮ ಸ್ವಂತ ಅಭಿಪ್ರಾಯ ಮಾತ್ರ ಬಾಯಿಂದ ಹೊರಬೀಳಕೂಡದು. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿದ ನನ್ನ ಗಂಡ ಗಣೇಶ, “ದಿನವಿಡೀ ಸ್ವಂತದ್ದು ಒಂದು ಮಾತೂ ಆಡ್ಲಿಕ್ಕಿಲ್ವಾ? ಹಾಗಾದ್ರೆ ಉಳಿದದ್ದೆಲ್ಲ ಸಂಜೆ ನನ್ನ ತಲೆಗೇ” ಎಂದಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ವರ್ಷ ನನ್ನನ್ನು ಕರೆದದ್ದು ಯೆಮೆನಿನ ಹೆಂಗಸರ ಸಭೆಯೊಂದಕ್ಕೆ. ಅವರ ದೇಶದ ಅಂತರ್ಯುದ್ಧ ಪೂರ್ತಿ ನಿಂತಿರಲಿಲ್ಲ, ಆದರೆ ಫಿರಂಗಿಗಳು ಬಹುಮಟ್ಟಿಗೆ ಸುಮ್ಮನಾಗಿದ್ದವು. ಎರಡೂ ಕಡೆಯ ಗಂಡಸರು ಮಸ್ಕತ್ತಿನ ಇನ್ನೊಂದು ಹೋಟೆಲಿನಲ್ಲಿ ಕುಳಿತು ಸೆರೆಯಲ್ಲಿರುವವರ ವಿನಿಮಯದ ಮಾತುಕತೆ ನಡೆಸುತ್ತಿದ್ದರು. ಹೆಂಗಸರು ಮೂರು ದಿನ ಚರ್ಚಿಸಿ, ತಮ್ಮ ಬೇಡಿಕೆಯನ್ನು ಒಂದು ಪುಟದಲ್ಲಿ ಬರೆದು ಆ ಗಂಡಸರಿಗೆ ಕೊಡಬೇಕಿತ್ತು. ಯಾವ ಕಡೆಯವರು ಯಾರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೇಳಿದ್ದನ್ನು ಗುಟ್ಟಾಗಿಡುವುದು ನಮ್ಮ ಕೆಲಸದ ಮೊದಲ ಕಟ್ಟಳೆ. ಹೆಸರುಗಳನ್ನೂ ಬದಲಿಸಿದ್ದೇನೆ. ಅವರ ಅರಬ್ಬಿ ಮಾತ್ರ ನನ್ನ ಕಿವಿಗೆ ನಮ್ಮೂರ ಹೆಂಗಸರ ಮಾತಿನ ಹಾಗೇ ಕೇಳಿಸುತ್ತಿತ್ತು. ಹಾಗೇ ಬರೆದಿದ್ದೇನೆ.

ಅವರಲ್ಲಿ ಇಬ್ಬರ ವಿಷಯ ಹೇಳಬೇಕು. ಮೊದಲನೆಯವರು ಉಮ್ ಯಾಸೀನ್, ಅಂದರೆ ಯಾಸೀನನ ತಾಯಿ. ಅರವತ್ತರ ಆಸುಪಾಸಿನ, ಮೆಲುದನಿಯ ಹೆಂಗಸು. ಅವರ ಮಗ ಔಷಧದ ಅಂಗಡಿ ಇಟ್ಟುಕೊಂಡಿದ್ದ. ಒಂದು ಬೆಳಿಗ್ಗೆ ಬೀದಿಯಿಂದಲೇ ಅವನನ್ನು ಎತ್ತಿಕೊಂಡು ಹೋದರು. ಕಾರಣವನ್ನು ಯಾರೂ ಹೇಳಲಿಲ್ಲ. ಹಿಡಿದಿಟ್ಟವರ ಹಿಡಿತದಲ್ಲೇ ಅವರ ಊರೂ ಇತ್ತು, ಮನೆಯೂ ಇತ್ತು. ಎರಡನೆಯವಳು ಫಾತಿಮಾ, ಮೂವತ್ತರ ಹರೆಯದ ಶಾಲಾ ಶಿಕ್ಷಕಿ, ಖಾರದ ನಾಲಗೆಯವಳು. ಯಾಸೀನನನ್ನು ಹಿಡಿದಿಟ್ಟ ಕಡೆಗೇ ಸೇರಿದವಳು. ಅವಳ ತಮ್ಮ ಬಂದೂಕು ಹಿಡಿದು ಯುದ್ಧಕ್ಕೆ ಹೋಗಿ ಎದುರಾಳಿಗಳ ಕೈಗೆ ಸಿಕ್ಕಿಬಿದ್ದಿದ್ದ.

ತಕರಾರು ಹುಟ್ಟಿದ್ದು ಒಂದು ಪದದಿಂದ. ಅರಬ್ಬಿಯಲ್ಲಿ ಯುದ್ಧಭೂಮಿಯಲ್ಲಿ ಸೆರೆಸಿಕ್ಕವನು ‘ಅಸೀರ್’. ಮನೆಯಿಂದ, ಬೀದಿಯಿಂದ ಹೊತ್ತೊಯ್ಯಲ್ಪಟ್ಟವನು ‘ಮುಖ್ತತಫ್’. ಮೊದಲ ದಿನ ಹೆಂಗಸರು ಎರಡೂ ಪದಗಳನ್ನು ಬಳಸಿದರು, ನಾವೂ ಎರಡನ್ನೂ ಬೇರೆಬೇರೆಯಾಗಿಯೇ ಇಂಗ್ಲಿಷಿಗೆ ತಂದೆವು. ಆದರೆ ಸಂಘಟಕರ ಕಚೇರಿಯಲ್ಲಿ ಕರಡು ಬರೆದವರು ಎರಡಕ್ಕೂ ಇಂಗ್ಲಿಷಿನ ‘ಪ್ರಿಸನರ್’ ಸಾಕೆಂದುಕೊಂಡರು. ಆ ಕರಡನ್ನು ಮತ್ತಾರೋ ಅರಬ್ಬಿಗೆ ತಂದಾಗ ಎಲ್ಲರೂ ‘ಅಸೀರ್’ ಆಗಿಬಿಟ್ಟಿದ್ದರು. ಎರಡನೇ ದಿನ ಬೆಳಿಗ್ಗೆ ಕಾಗದ ಕೈಗೆ ಬಂದಾಗ ಉಮ್ ಯಾಸೀನ್ ಅದನ್ನು ಓದಿ, ಮಡಚಿ, ಮೇಜಿನ ಮೇಲಿಟ್ಟರು.

“ನನ್ನ ಮಗ ಅಸೀರ್ ಅಲ್ಲ,” ಎಂದರು.

ಸಭೆ ನಡೆಸುತ್ತಿದ್ದ ಯುರೋಪಿನ ಅಧಿಕಾರಿ ಒಳ್ಳೆಯ ಹೆಂಗಸು. ಇದು ಬರೀ ಶಬ್ದದ ವಿಷಯವಲ್ಲವೇ ಎಂದು ಕೇಳಿದರು. ಬರೀ ಶಬ್ದ! ಶಬ್ದವನ್ನೇ ನಂಬಿ ಅನ್ನ ತಿನ್ನುವ ನನಗೆ ಬೂತಿನೊಳಗೆ ಮೈ ಉರಿದು ಹೋಯಿತು. ಆದರೂ ಅವರ ಪ್ರಶ್ನೆಯನ್ನು ಅವರ ಧಾಟಿಯಲ್ಲೇ, ಸೌಜನ್ಯದಿಂದಲೇ ಅರಬ್ಬಿಗೆ ದಾಟಿಸಿದೆ.

ಮಧ್ಯಾಹ್ನದ ಹೊತ್ತಿಗೆ ಗಂಡಸರ ಹೋಟೆಲಿನಿಂದ ಸುದ್ದಿ ಬಂತು. ಅವರು ಒಪ್ಪಿಕೊಂಡಿರುವುದು ಅಸೀರರ ವಿನಿಮಯಕ್ಕೆ ಮಾತ್ರ. ಹೆಂಗಸರು ಆ ಒಂದೇ ಪದಕ್ಕೆ ಸಮ್ಮತಿಸಿದರೆ ಮನೆಗಳಿಂದ ಹಿಡಿದು ತಂದ ಕೆಲವರನ್ನೂ ಅದರಲ್ಲೇ ಸೇರಿಸಬಹುದು, ಆ ಕೆಲವರಲ್ಲಿ ಯಾಸೀನನ ಹೆಸರೂ ಇದೆ, ಹಬ್ಬಕ್ಕೆ ಮುಂಚೆ ಅವನು ಹೊರಗೆ ಬರುತ್ತಾನೆ. ಇದನ್ನು ಅರಬ್ಬಿಯಲ್ಲಿ ಹೇಳಬೇಕಾದ ಸರದಿ ನನ್ನದು. ನಾನು ಹೇಳುತ್ತಿದ್ದಂತೆ ಉಮ್ ಯಾಸೀನ್ ಕಿವಿಗೆ ಹಾಕಿದ್ದ ಇಯರ್‌ಫೋನನ್ನು ಕೈಯಿಂದ ಒತ್ತಿ ಹಿಡಿದುಕೊಂಡರು.

ಆಮೇಲೆ ತಮ್ಮ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು. “ಅಸೀರ್ ಅಂತ ಬಿಟ್ರೆ ಅವನನ್ನು ಬಸ್ಸಿಗೆ ಹತ್ತಿಸಿ ಆಚೆ ಕಡೆಗೆ ಕಳಿಸ್ತಾರೆ. ಅವನು ಆಚೆಯವರ ಸೈನಿಕ ಅಂತ ಆಗ್ತದೆ. ಮತ್ತೆ ನಮ್ಮ ಮನೆಗೆ ಅವನು ಕಾಲಿಡ್ಲಿಕ್ಕುಂಟಾ? ಹೆಂಡತಿ, ಮಕ್ಕಳು ಈಚೆ ಇದ್ದಾರೆ. ಹಿಡಿದುಕೊಂಡು ಹೋದವರನ್ನು ಯಾಕೆ ಹಿಡಿದದ್ದು ಅಂತ ಆಮೇಲೆ ಯಾರೂ ಕೇಳುವ ಹಾಗಿಲ್ಲ. ಮತ್ತೊಂದು ಉಂಟು. ಔಷಧ ಮಾರುವವನನ್ನು ಕೊಟ್ಟು ಒಬ್ಬ ಸೈನಿಕನನ್ನು ಬಿಡಿಸಿಕೊಳ್ಳಬಹುದು ಅಂತಾದ್ರೆ, ನಾಳೆ ಇನ್ನೂ ಎಷ್ಟು ಬಾಗಿಲು ತಟ್ಟುವುದಿಲ್ಲ ಅವರು?”

ಫಾತಿಮಾ ಸಿಡಿದಳು. “ಅಂದ್ರೆ ಅಸೀರ್ ಅನ್ನುವುದು ನಿಮಗೆ ಬೈಗುಳವಾ? ನನ್ನ ತಮ್ಮ ಅಸೀರ್. ನಮಗೆ ಅದು ಮರ್ಯಾದೆಯ ಹೆಸರು. ನಿಮ್ಮ ಹಟಕ್ಕೆ ಮಾತುಕತೆ ಮುರಿದುಬಿದ್ರೆ ಅವನು ಅಲ್ಲೇ ಕೊಳೆಯಬೇಕಾ?”

ಒಬ್ಬಳು ಮಗನಿಗಾಗಿ ಬೇಡವೆಂದ ಪದವನ್ನು ಇನ್ನೊಬ್ಬಳು ತಮ್ಮನಿಗಾಗಿ ಬೇಕೆನ್ನುತ್ತಿದ್ದಳು. ಅಧಿಕಾರಿ ಸಭೆಯನ್ನು ಮರುದಿನಕ್ಕೆ ಮುಂದೂಡಿದರು. ಉಮ್ ಯಾಸೀನ್ ಅಷ್ಟರೊಳಗೆ ಒಂದು ತೀರ್ಮಾನಕ್ಕೆ ಬರಬೇಕಿತ್ತು.

ಸಂಜೆ ಅಲ್ ಮವಾಲೇಹ್‌ನ ಮನೆಗೆ ಬಂದು ಬೀನ್ಸ್ ಹೆಚ್ಚುತ್ತಿದ್ದರೂ ನನ್ನ ಮನಸ್ಸು ಅಲ್ಲಿರಲಿಲ್ಲ. ಸಭೆಯ ಸಂಗತಿಯನ್ನು ಮನೆಯಲ್ಲಿ ಹೇಳುವಂತಿಲ್ಲ. ಹಾಗಾಗಿ ಗಣೇಶರ ಹತ್ತಿರ, ಒಬ್ಬ ಮನುಷ್ಯನಿಗೆ ತಪ್ಪು ಹೆಸರು ಹಚ್ಚಿಯಾದರೂ ಅವನನ್ನು ಬಿಡಿಸಿಕೊಳ್ಳುವುದು ಸರಿಯೇ ಎಂದಷ್ಟೇ ಕೇಳಿದೆ. ಅವರು ರುಸೈಲ್‌ನ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದಾರೆ. “ನಮ್ಮಲ್ಲಿ ಕೆಲಸ ಬಿಟ್ಟು ಹೋದವನ ಮೇಲೆ ವೀಸಾ ಕೊಟ್ಟ ಧಣಿ, ಕಫೀಲ್, ಒಮ್ಮೆ ‘ಹಾರಿಬ್’ ಅಂತ ಬರೆಸಿದ್ರೆ ಖಲಾಸ್. ಓಡಿಹೋದವ ಅಂತ ಅದರ ಅರ್ಥ. ಅವನು ಓಡಿದ್ದಾ, ಇವರೇ ಓಡಿಸಿದ್ದಾ ಅಂತ ಮತ್ತೆ ಯಾರೂ ಕೇಳುವುದಿಲ್ಲ ಜಯಂತಿ,” ಎಂದರು. ಬೀನ್ಸಿನ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು, “ಆದ್ರೆ ನಮ್ಮ ಮಗಳೇ ಒಳಗಿದ್ರೆ ನಾನು ಯಾವ ಹೆಸರಿಗೂ ಸೈನ್ ಹಾಕ್ತಿದ್ದೆ,” ಎಂದು ಸೇರಿಸಿದರು. ನಾನೂ ಹಾಕುತ್ತಿದ್ದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೂರನೇ ದಿನ ಎಲ್ಲರೂ ಕೂತಾದ ಮೇಲೆ ಉಮ್ ಯಾಸೀನ್ ಆ ಕರಡನ್ನು ಮತ್ತೆ ಬಿಡಿಸಿ ಓದತೊಡಗಿದರು. ಅವರ ತೀರ್ಮಾನವೇನೆಂದು ಅಧಿಕಾರಿ ಎರಡು ಸಲ ಕೇಳಿದರು. ಆಗ ಫಾತಿಮಾ ತನ್ನ ಮೈಕಿನ ಗುಂಡಿ ಒತ್ತಿದಳು. ಮತ್ತೆ ಜಗಳವೇ ಎಂದುಕೊಂಡು ನಾನು ಮೈ ಬಿಗಿ ಮಾಡಿಕೊಂಡೆ. ಅವಳು ಮಾತ್ರ ನೇರವಾಗಿ ಉಮ್ ಯಾಸೀನರತ್ತ ತಿರುಗಿ ಕೇಳಿದಳು.

“ಖಾಲಾ, ಅವನು ಹೋಗುವಾಗ ನಿಮ್ಮಲ್ಲಿ ಕ್ಷಮೆ ಕೇಳಿದ್ನಾ?”

ಖಾಲಾ ಎಂದರೆ ಚಿಕ್ಕಮ್ಮ. ಆ ಕೋಣೆಯಲ್ಲಿ ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಹಾಗೆ ಕರೆದದ್ದು ಅದೇ ಮೊದಲು. ಅವಳು ಕೇಳಿದ ಕ್ಷಮೆ ಅವರ ಒಂದು ವಾಡಿಕೆ. ಯುದ್ಧಕ್ಕೆ ಹೊರಟವನು ತಾಯಿಯ ತಲೆಗೆ ಮುತ್ತಿಟ್ಟು, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪನ್ನು ಮನ್ನಿಸೆಂದು ಕೇಳಿ, ಅವಳು ಮನ್ನಿಸಿದ್ದೇನೆ ಎಂದ ಮೇಲೆಯೇ ಹೊಸಿಲು ದಾಟುತ್ತಾನೆ. ತಿರುಗಿ ಬಾರದಿದ್ದರೆ ಎಂಬ ಅಂಜಿಕೆ ಅದು.

“ಕ್ಷಮೆ ಎಂತಕ್ಕೆ ಕೇಳುವುದು ಮಗಳೇ?” ಎಂದರು ಉಮ್ ಯಾಸೀನ್. “ರೊಟ್ಟಿ ತರ್ಲಿಕ್ಕೆ ಹೋದದ್ದು. ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಹೋದ. ‘ಚಹಾಕ್ಕೆ ನೀರಿಡಮ್ಮ, ಈಗ ಬಂದೆ’ ಅಂದ.”

ಈಗ ಬಂದೆ. ಅರಬ್ಬಿಯಲ್ಲಿ ಅವರು ಬೇರೆಯೇ ರೀತಿ ಹೇಳಿರಬೇಕು, ನನಗೆ ಕೇಳಿಸಿದ್ದು ಮಾತ್ರ ಇದೇ. ಇಂಗ್ಲಿಷ್ ವಾಕ್ಯದ ನಡುವೆ ನಾನು ಒಂದು ಪದ ತಪ್ಪಿ, ತಿದ್ದಿಕೊಂಡೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಮೈಕಿಗೆ ಕೈ ಚಾಚಿದ. ನಾನು ಬೇಡವೆಂದು ತಲೆಯಾಡಿಸಿದೆ.

ಫಾತಿಮಾ ಎದುರಿದ್ದ ಕಾಗದವನ್ನು ನೋಡುತ್ತಾ ಹೇಳಿದಳು. “ನನ್ನ ತಮ್ಮ ಕೇಳಿ ಹೋದ. ಅಮ್ಮ ಮನ್ನಿಸಿದ್ರು. ದಾರಿಗೆ ರೊಟ್ಟಿ ಕಟ್ಟಿಕೊಟ್ಟದ್ದು ನಾನೇ. ಅವನು ಅಸೀರ್, ಆ ಹೆಸರು ಅವನದ್ದು. ಹೇಳಿ ಹೋದವರು ಬೇರೆ, ಹೇಳ್ಲಿಕ್ಕೇ ಬಿಡದೆ ಎಳೆದುಕೊಂಡು ಹೋದವರು ಬೇರೆ. ಎರಡನ್ನೂ ಬೇರೆಬೇರೆ ಬರೀರಿ. ಅವನ ಹೆಸರನ್ನು ಎಲ್ಲರಿಗೂ ಹಂಚುವುದು ಬೇಡ.”

ಅಧಿಕಾರಿ, ಇದು ಕಾನೂನಿನ ಭಾಷೆಯಲ್ಲ ಎಂದರು. “ಕಾನೂನಿನದ್ದನ್ನು ನೀವು ಕೆಳಗೆ ಬರೆದುಕೊಳ್ಳಿ, ಮೇಲೆ ನಮ್ಮದು ಇರಲಿ,” ಎಂದಳು ಫಾತಿಮಾ. ಕೊನೆಗೆ ಹಾಗೆಯೇ ಆಯಿತು. ತಾಯಂದಿರಿಗೆ ಹೇಳಿ ಹೋದವರು ಯುದ್ಧದ ಸೆರೆಯಾಳುಗಳು. ಅವರ ವಿನಿಮಯ ಆಗಲಿ. ಹೇಳದೆ ಹೋದವರು ಯಾವ ವಿನಿಮಯಕ್ಕೂ ಸೇರದವರು. ಅವರನ್ನು ಅವರವರ ಮನೆಗೇ ಬಿಡಬೇಕು, ಹಿಡಿದವರು ಕಾರಣ ಹೇಳಬೇಕು. ಎರಡು ಕಡೆಯ ಹೆಂಗಸರೂ ಅದಕ್ಕೆ ಸಹಿ ಹಾಕಿದರು. ಉಮ್ ಯಾಸೀನ್ ಸಹಿ ಹಾಕಿ ಪೆನ್ನನ್ನು ಮುಚ್ಚಿಟ್ಟು, ಆ ಸಲದ ಬಸ್ಸಿನಲ್ಲಿ ಮಗನಿಲ್ಲ ಎಂಬುದನ್ನು ಅಲ್ಲಿದ್ದ ಯಾರಿಗಿಂತಲೂ ಚೆನ್ನಾಗಿ ಬಲ್ಲವರಾಗಿ, ತಮ್ಮ ಕುರ್ಚಿಗೆ ಮರಳಿದರು.

ಗಂಡಸರು ಮೊದಲ ಮಾತನ್ನು ಒಪ್ಪಿ, ಎರಡನೆಯದನ್ನು ಮುಂದಿನ ಸಭೆಗೆ ಬಿಟ್ಟರು. ಫಾತಿಮಾಳ ತಮ್ಮ ಬಿಡುಗಡೆಯಾದ. ಯಾಸೀನ್ ಆಗಲಿಲ್ಲ.

ಮರುವರ್ಷ ಅದೇ ಹೆಂಗಸರು ಮತ್ತೆ ಮಸ್ಕತ್ತಿಗೆ ಬಂದರು. ತಮ್ಮನ ಬಿಡುಗಡೆ ಆಗಿದ್ದರಿಂದ ಫಾತಿಮಾ ಇನ್ನು ಬರಬೇಕಾದ ಅಗತ್ಯವಿರಲಿಲ್ಲ. ಆದರೂ ಬಂದಿದ್ದಳು, ಉಮ್ ಯಾಸೀನರ ಪಕ್ಕದಲ್ಲೇ ಕೂತಿದ್ದಳು. ಎರಡನೇ ಬೇಡಿಕೆಯನ್ನು ಹಿಡಿದು ತನ್ನದೇ ಕಡೆಯ ದೊಡ್ಡವರ ಬಾಗಿಲಿಗೆ ವರ್ಷವಿಡೀ ಅಲೆದವಳು ಅವಳು. ಅದರಿಂದ ಸಿಕ್ಕದ್ದು ಇಷ್ಟೇ: ಹೊತ್ತೊಯ್ದವರನ್ನು ಇಟ್ಟುಕೊಂಡಿರುವುದು ಹೌದೆಂದು ಒಪ್ಪಿದರು, ತಾಯಂದಿರಿಗೆ ಮಕ್ಕಳನ್ನು ಒಂದೊಂದು ಸಲ ನೋಡಲು ಬಿಟ್ಟರು.

ಚಹಾದ ಬಿಡುವಿನಲ್ಲಿ ಉಮ್ ಯಾಸೀನ್ ನನ್ನನ್ನು ಗುರುತಿಸಿ ಹತ್ತಿರ ಬಂದರು. ಮಗನನ್ನು ನೋಡಿದೆ ಎಂದರು. ತೆಳ್ಳಗಾಗಿದ್ದಾನೆ, ಗಡ್ಡ ನರೆತಿದೆ. ನಾನು ಕೇಳಬಾರದಿತ್ತೇನೋ, ಆದರೆ ಕೇಳಿದೆ. “ಖಾಲಾ, ಅವನಿಗೆ ಗೊತ್ತುಂಟಾ?”

“ನಾನೇ ಹೇಳಿದೆ. ಹೋದ ವರ್ಷವೇ ಬಿಡ್ತಿದ್ರು, ನಾನು ಬೇಡ ಅಂದೆ ಅಂತ. ‘ಹಾಗೆ ಬಂದಿದ್ರೆ ನಮ್ಮ ಮನೆಗೆ ಬರ್ಲಿಕ್ಕೆ ಆಗ್ತಿತ್ತಾ?’ ಅಂತ ಕೇಳಿದ. ಇಲ್ಲ ಅಂದೆ. ‘ಹಾಗಾದ್ರೆ ನೀನು ಮಾಡಿದ್ದು ಸರಿಯಮ್ಮ’ ಅಂದ.” ಅವರು ಕಪ್ಪನ್ನು ತಟ್ಟೆಯ ಮೇಲಿಟ್ಟರು. “ನನ್ನ ಮುಖ ನೋಡಿ ಹೇಳ್ಲಿಲ್ಲ, ಮಗಳೇ.”

ಅವರ ಕಪ್ಪಿಗೆ ನಾನು ಮತ್ತೆ ಚಹಾ ಬಗ್ಗಿಸಿದೆ. ಬಿಡುವು ಮುಗಿಯಿತು, ಅವರು ಫಾತಿಮಾಳ ಕೈ ಹಿಡಿದು ಒಳಗೆ ಹೋದರು, ನಾನು ಬೂತಿಗೆ ಹೋದೆ.

ಯುದ್ಧದ ನಂತರದ ನ್ಯಾಯದ ಬಗ್ಗೆ ಅದಾದ ಮೇಲೂ ಎಷ್ಟೋ ಸಭೆಗಳಿಗೆ ದನಿಯಾಗಿದ್ದೇನೆ. ವೇದಿಕೆಯ ಮೇಲಿನವರು ಶಾಂತಿ, ನ್ಯಾಯ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕೇಳುವವರಿಗೂ ಅದು ಹಿತ. ಈ ಕೆಲಸ ನನಗೆ ಕಲಿಸಿದ್ದು, ಅವೆರಡರ ನಡುವೆ ಯಾರದೋ ಮಗ ಇನ್ನೂ ಒಳಗೆ ಕೂತಿರುತ್ತಾನೆ ಎಂಬುದನ್ನು. ನ್ಯಾಯ ಎಂಬ ಪದ ಕಿವಿಗೆ ಬಿದ್ದಾಗ ನಾನು ಈಗಲೂ ಅರೆಗಳಿಗೆ ತಡೆದು, ಆಮೇಲೆ ದಾಟಿಸುತ್ತೇನೆ.