ಬಕೆಟ್ಟಿನಿಂದ ಎದ್ದ ಎರಡು ಕಲ್ಲು

ಕೆಲವು ವರ್ಷಗಳ ಹಿಂದಿನ ಮಾರ್ಚ್ ತಿಂಗಳು, ಗುರುವಾರ, ಬೆಳಿಗ್ಗೆ ಏಳೂವರೆ. ಐನಾಪುರದ ನಮ್ಮ ಮನೆಯ ಪಡಸಾಲೆ. ಇದ್ದವರು ಮೂವರು: ನಾನು, ಗೋಡೆ ಕಟ್ಟುವ ಗೌಂಡಿ ದಸ್ತಗೀರ, ಅವನನ್ನು ಕೈಹಿಡಿದು ಕರೆತಂದಿದ್ದ ಅವನ ಹೆಂಡತಿ ಮಾಬೂಬಿ.

ಇಂಥ ಕಥೆಗಳನ್ನು ನಾನು ನಂಬಿದವನಲ್ಲ. ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದೆ. ಯಾರಾದರೂ ವಿಚಿತ್ರ ಕಂಡೆ ಎಂದರೆ, ಸರಿಯಾಗಿ ನೋಡಿರಲಿಕ್ಕಿಲ್ಲ ಎಂದು ಮಾತು ಮುಗಿಸುತ್ತಿದ್ದೆ. ಈಗ ಹಾಗೆ ಹೇಳಲು ನಾಲಿಗೆ ಬರುವುದಿಲ್ಲ.

ನಿವೃತ್ತಿಯ ಮೇಲೆ ಕ್ಯಾಮೆರಾ ಹಿಡಿದಿದ್ದೆ. ಹಿಂದೆ ಚೀನಾದ ಪಂಡಿತರು ನೀರು ಕೊರೆದ ಕಲ್ಲುಗಳನ್ನು ಮರದ ಪೀಠದ ಮೇಲೆ ಕೂರಿಸಿ ಓದುವ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದರಂತೆ, ಗೇಣುದ್ದದ ಕಲ್ಲಿನಲ್ಲಿ ಬೆಟ್ಟವನ್ನೇ ಕಾಣುತ್ತಿದ್ದರಂತೆ. ಅದನ್ನು ಓದಿದ ಮೇಲೆ ನನಗೊಂದು ಯೋಚನೆ ಬಂತು. ಕೃಷ್ಣೆಯ ದಂಡೆಯಲ್ಲಿ ಸಿಕ್ಕ ಕಲ್ಲು ಒಂದು, ದಸ್ತಗೀರ ಸಿಮೆಂಟಿನಲ್ಲಿ ಮಾಡಿದ್ದು ಒಂದು. ಎರಡರ ಚಿತ್ರವನ್ನೂ ಪಕ್ಕಪಕ್ಕ ಇಡಬೇಕು. ಯಾವುದು ಹೊಳೆಯದು, ಯಾವುದು ಕೈಯದು ಎಂದು ನೋಡುವವರು ಹೇಳಬೇಕು. ಹನ್ನೊಂದು ಜೋಡಿ ಮುಗಿಯುವ ಹೊತ್ತಿಗೆ ನನ್ನ ಮೊಣಕಾಲು ಸೋತಿದ್ದವು. ಆ ಗುರುವಾರದ ಮರುದಿನವೇ ಅಥಣಿಯಲ್ಲಿ ಪ್ರದರ್ಶನ. ಹನ್ನೆರಡನೆಯದು ಬಾಕಿ ಇತ್ತು.

ಅದು ದಸ್ತಗೀರನ ಕೊನೆಯ ಕೆಲಸ. ಕಣ್ಣಿನ ನರ ಒಣಗಿದೆ, ಇನ್ನು ಬೆಳಕು ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕೈಯ ಅಂದಾಜಿನಲ್ಲೇ ಮಾಡಿ ಕಾಗದದಲ್ಲಿ ಸುತ್ತಿ ಕಳಿಸಿದ್ದ. ಒಂದೇ ಬೇಡಿಕೆ ಇಟ್ಟಿದ್ದ: “ನಲವತ್ತ ವರ್ಷ ಗ್ವಾಡಿ ಕಟ್ಟೀನ್ರಿ ಮಾಸ್ತರ, ಒಂದರ ಮ್ಯಾಲೂ ನನ್ನ ಹೆಸರಿಲ್ಲ. ಇದರ ಚಿತ್ರದ ಕೆಳಗ ಹಾಕ್ರಿ.”

ತಪ್ಪು ನನ್ನದೇ. ವಸ್ತು ಬಂದ ಕೂಡಲೇ ತಳಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬರೆಯುವುದು ನನ್ನ ಪದ್ಧತಿ. ಹಿಂದಿನ ಸಂಜೆ ಎಷ್ಟು ದಣಿದಿದ್ದೆನೆಂದರೆ, ಕೆಸರು ಮೆತ್ತಿದ ಹೊಳೆಯ ಕಲ್ಲನ್ನೂ ಅವನು ಕಳಿಸಿದ್ದನ್ನೂ ನೋಡದೆ, ನಂಬರಿಲ್ಲದೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿ ಮಲಗಿದ್ದೆ.

ಬೆಳಿಗ್ಗೆ ತಿಕ್ಕಿ ತೆಗೆದರೆ ಎರಡೂ ಒಂದೇ. ಹೋಲಿಕೆ ಎನ್ನುತ್ತಿಲ್ಲ. ಎಡಕ್ಕೆ ವಾಲಿದ ತಲೆ, ಸಣ್ಣ ಸೊಂಟ, ಹೆಬ್ಬೆರಳು ತೂರುವ ತೂತು, ತೂತಿನ ಬಾಯಿಯಲ್ಲಿ ಮುರಿದ ಅಂಚು. ಅಳತೆಪಟ್ಟಿ ಹಿಡಿದೆ, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹೊಳೆಯ ಕಲ್ಲನ್ನು ದಸ್ತಗೀರ ನೋಡಿರಲಿಲ್ಲ, ಮುಟ್ಟಿಯೂ ಇರಲಿಲ್ಲ. ನಾನೊಬ್ಬನೇ ಹೋಗಿ ಕೆಸರಿನಿಂದ ಕಿತ್ತು ತಂದು ಗೋಣಿಯಲ್ಲಿ ಕಟ್ಟಿಟ್ಟಿದ್ದೆ.

ಹೇಳಿ ಕಳಿಸಿದ್ದಕ್ಕೆ ಬಂದಿದ್ದ ದಸ್ತಗೀರನ ಕೈಗೆ ಒಂದನ್ನು ಇಟ್ಟೆ. ಸವರಿ ನೋಡಿ, “ಇದ ನಂದು” ಎಂದ. ಇನ್ನೊಂದನ್ನು ಇಟ್ಟೆ. ಬಹಳ ಹೊತ್ತು ಸವರಿದ. “ಇದೂ ನಂದ ಐತೆಲ್ರಿ.”

ಮಾಬೂಬಿ ನಕ್ಕಳು. “ನೋಡ್ರಿ ಮಾಸ್ತರ, ಊರ ಗ್ವಾಡಿಗೆಲ್ಲ ಸಿಮೆಂಟ ಮೆತ್ತಿ ಗಿಲಾವ್ ಮಾಡ್ಯಾರ, ನಮ್ಮನಿ ಗ್ವಾಡಿಗೆ ಇನ್ನೂ ಇಲ್ಲ. ಈಗ ಹೊಳ್ಯಾಗಿನ ಕಲ್ಲೂ ನಂದ ಅಂತಾರ!”

“ಸುಮ್ಕಿರ ಬೇ. ನಾ ಒಂದ ಮಾಡೀನಿ, ಖರೇ” ಎಂದ ದಸ್ತಗೀರ.

ಆಗ ನನಗೆ ತಂತಿ ನೆನಪಾಯಿತು. ಒಳಗೆ ಕಬ್ಬಿಣದ ತಂತಿಯ ಎಲುಬಿಲ್ಲದೆ ಅವನು ಯಾವುದನ್ನೂ ಮಾಡುತ್ತಿರಲಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತ ತಂದು ಮೊದಲನೆಯದರ ಸೊಂಟಕ್ಕೆ ಹಿಡಿದೆ. ಕಚ್ಚಿತು. ಸಮಾಧಾನವಾಯಿತು. ಪದ್ಧತಿಗೆ ಇರಲಿ ಎಂದು ಎರಡನೆಯದಕ್ಕೂ ಹಿಡಿದೆ.

ಅದಕ್ಕೂ ಕಚ್ಚಿತು.

ಮಾಬೂಬಿ ಸೆರಗು ಎಳೆದುಕೊಂಡಳು.

ಯಾರೋ ಎಸೆದ ಕಾಂಕ್ರೀಟಿನ ತುಂಡು ಹೊಳೆಯಲ್ಲಿ ಸವೆದಿರಬಹುದು, ಅದರಲ್ಲಿ ಕಬ್ಬಿಣವಿರಬಹುದು. ಅಷ್ಟನ್ನು ಒಪ್ಪುತ್ತೇನೆ. ಆದರೆ ಆ ವಾಲು, ಆ ತೂತು, ಆ ಮುರಿದ ಅಂಚು? ಕಾರಣ ಹುಡುಕಿ ಹುಡುಕಿ ಸಾಕಾಗಿದೆ.

ಒಡೆದು ನೋಡೋಣವೇ ಎಂದೆ. ದಸ್ತಗೀರ ಎರಡನ್ನೂ ತೊಡೆಯ ಮೇಲಿಟ್ಟುಕೊಂಡ. “ನಂದ ಒಡದ್ರ ಇನ್ನೊಂದು ಮಾಡಾಕ ಆಗೂದಿಲ್ರಿ ನನಗ.” ಎರಡನ್ನೂ ಮತ್ತೊಮ್ಮೆ ಸವರಿ ಹೇಳಿದ: “ಹೊಳಿ ಮಾಡಿದ್ದಕ್ಕ ನನ್ನ ಹೆಸರ ಹಾಕಬ್ಯಾಡ್ರಿ. ನಾ ಮಾಡಿದ್ದಕ್ಕ ಹಾಕೂದ ಬಿಡಬ್ಯಾಡ್ರಿ.”

ಹಿಂದಿನ ಹನ್ನೊಂದು ಜೋಡಿಗಳಲ್ಲಿ ಒಂದೊಂದು ಕಲ್ಲಿಗೂ ಬೇರೆ ಬೇರೆ ಚೌಕಟ್ಟು. ಇವೆರಡನ್ನು ಮಾತ್ರ ಒಂದೇ ಚೌಕಟ್ಟಿನಲ್ಲಿ ತೆಗೆದೆ. ಮಧ್ಯಾಹ್ನ ಪ್ರಿಂಟು ಬಂತು. ಕೆಳಗೆ ಏನು ಬರೆಯಲೆಂದು ತಾಸುಗಟ್ಟಲೆ ಕೂತೆ. ಕೊನೆಗೆ ಚಿತ್ರದ ಕೆಳಗೆ ಬರೆದು, ಅದನ್ನು ದಸ್ತಗೀರನ ಮನೆಗೆ ಒಯ್ದು ಓದಿ ಹೇಳಿದೆ: “ಇವುಗಳಲ್ಲಿ ಒಂದನ್ನು ಗೌಂಡಿ ದಸ್ತಗೀರ ಮಾಡಿದರು. ಯಾವುದೆಂದು ಅವರಿಗೂ ನನಗೂ ತಿಳಿಯದು.”

“ಹೆಸರ ಎಲ್ಲೈತ್ರಿ?” ಎಂದ. ಅವನ ಬೆರಳು ಹಿಡಿದು ಅಕ್ಷರಗಳ ಮೇಲೆ ಇಟ್ಟೆ. ಅಲ್ಲೇ ಇಟ್ಟುಕೊಂಡು ಕೂತ.

ಮನೆಗೆ ಬಂದು ಚೌಕಟ್ಟಿನ ಹಿಂದಕ್ಕೆ ನಾಲ್ಕು ಮೊಳೆ ಹೊಡೆದೆ. ಆಗ ಸಂಜೆ ಐದೂವರೆ.