ಬಿಳುಪು ಬೇಡವೆಂದ ಹಲ್ಲಿನ ಡಾಕ್ಟರಮ್ಮ

ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಬಿಕ್ಕೋಡಿನಿಂದ ಮಗಳು ಫೋನ್ ಮಾಡಿ, ಬೇಲೂರಿನ ಹಲ್ಲಿನ ಡಾಕ್ಟರಮ್ಮ ಬೆಳಿಗ್ಗೆ ತೀರಿಕೊಂಡರು ಎಂದಳು.

ಅವರ ಕತ್ತು ಎಡಕ್ಕೆ ವಾಲಿತ್ತು. ಎಷ್ಟೋ ವರ್ಷ ಜನರ ಬಾಯೊಳಗೆ ಬಗ್ಗಿ ಬಗ್ಗಿ ನೋಡಿ ಹಾಗಾಗಿತ್ತಂತೆ. ರಸ್ತೆಯಲ್ಲಿ ನಡೆಯುವಾಗಲೂ ಯಾರದೋ ಮಾತಿಗೆ ಕಿವಿಗೊಟ್ಟವರ ಹಾಗೆ ಕಾಣುತ್ತಿದ್ದರು. ಬಾಯಿಗೆ ಹಾಕುವ ಪುಟ್ಟ ಕನ್ನಡಿಯನ್ನು ಬಿಸಿನೀರಿಗೆ ಅದ್ದಿ ಬೆಚ್ಚಗೆ ಮಾಡಿಕೊಂಡೇ ಒಳಗಿಡುವರು. ಹೆದರಿ ಬಂದವರನ್ನು ಮೊದಲು ಇವತ್ತು ಮನೆಯಲ್ಲಿ ಏನು ಅಡುಗೆ ಎಂದು ಕೇಳುವರು. ಉತ್ತರ ಮುಗಿಯುವಷ್ಟರಲ್ಲಿ ಅರ್ಧ ಬಾಯಿ ನೋಡಿ ಆಗಿರುತ್ತಿತ್ತು.

ನಾವು ಹಳೇಬೀಡಿಗೆ ಬರುವ ಮುಂಚೆ ಅರಸೀಕೆರೆ ಕಡೆಯ ಹಳ್ಳಿಯಲ್ಲಿದ್ದೆವು. ಅಲ್ಲಿಯ ಬೋರ್‌ವೆಲ್ ನೀರು ಕುಡಿದು ಬೆಳೆದ ಮಗಳ ಹಲ್ಲಿನ ಮೇಲೆ ಕಂದು ಗೆರೆ ಕೂತುಬಿಟ್ಟಿತ್ತು. ಹೆಣ್ಣು ನೋಡಲು ಬಂದ ದಿನ ಹುಡುಗನ ಸೋದರತ್ತೆ, "ಹುಡುಗಿ ಲಕ್ಷಣವಾಗವ್ಳೆ. ನಗದೇ ಇದ್ರೆ ಸಾಕು" ಎಂದರು. ಎಲ್ಲರೂ ನಕ್ಕರು. ನನ್ನ ಮಗಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ, ಮದುವೆಗೆ ಮೊದಲು ಹಲ್ಲು ಬಿಳಿ ಮಾಡಿಸಿ ಎಂದು ಆ ಅತ್ತೆಯೇ ಹೇಳಿಕಳಿಸಿದರು. ಉಳಿದಿದ್ದದ್ದು ಹದಿನೈದು ದಿನ.

ಮಗಳ ಮುಂದಿನ ಹಲ್ಲೊಂದು ತಣ್ಣೀರು ತಾಕಿದರೆ ಜುಮ್ಮೆನ್ನುತ್ತಿತ್ತು. ಡಾಕ್ಟರಮ್ಮ ಮೊದಲು ತಣ್ಣಗಿನದು ಮುಟ್ಟಿಸಿ ನೋಡುತ್ತಾರೆ, ನೋವಿದ್ದರೆ ಬಿಳಿ ಮಾಡುವುದಿಲ್ಲ ಎಂದು ಪಕ್ಕದ ಮನೆಯಾಕೆ ಹೇಳಿದ್ದಳು. ಅದಕ್ಕೆ ಬೇಲೂರು ಬಸ್ಸಿನಲ್ಲೇ ಜಜ್ಜಿದ ಲವಂಗವನ್ನು ಮಗಳ ಹಲ್ಲಿಗೆ ಒತ್ತಿಸಿ, ಕೇಳಿದರೆ ನೋವಿಲ್ಲ ಅನ್ನು ಎಂದು ಹೇಳಿಕೊಟ್ಟೆ. ಇಳಿದ ಮೇಲೆ ಚೆನ್ನಕೇಶವನ ಗುಡಿಯ ಮುಂದೆ ನಿಂತು, ಇದೊಂದು ಸುಳ್ಳು ದಕ್ಕಿಸಿಕೊಡಪ್ಪಾ ಎಂದು ಕೈ ಮುಗಿದೆ.

ಡಾಕ್ಟರಮ್ಮ ಮಾಸ್ಕಿನೊಳಗಿಂದಲೇ ವಾಸನೆ ಹಿಡಿದರು. "ಏನಮ್ಮ, ಮಗಳ ಬಾಯಲ್ಲಿ ಪಲಾವ್ ಮಾಡಿದ್ದೀರಾ?" ಎಂದರು. ಬಾಯಿ ಮುಕ್ಕಳಿಸಲು ಹೇಳಿ, ಲವಂಗದ ಜೋಮು ಇಳಿಯಲಿ ಎಂದು ಬಹಳ ಹೊತ್ತು ಹೊರಗೆ ಕೂರಿಸಿದರು. ಮತ್ತೆ ಕರೆದು ತಣ್ಣನೆಯ ಹತ್ತಿ ಮುಟ್ಟಿಸಿದಾಗ ಮಗಳು ಕುರ್ಚಿಯ ಕೈ ಬಿಗಿಹಿಡಿದು ಅತ್ತುಬಿಟ್ಟಳು. ಹತ್ತಿ ತೆಗೆದ ಮೇಲೂ ನೋವು ಬೇಗ ನಿಲ್ಲಲಿಲ್ಲ. ಹಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು.

"ಬಿಳಿ ಮಾಡೋ ಔಷಧಿ ಮೇಲೇ ನಿಲ್ಲಲ್ಲಮ್ಮ, ಒಳಗಿಳಿಯುತ್ತೆ. ಒಳಗಿನ ತಿರುಳಿಗೆ ಜೀವ ಇದೆ. ಗಟ್ಟಿ ಹಲ್ಲಾದ್ರೆ ಎರಡು ದಿನ ಜುಮ್ ಅಂದು ಸುಮ್ಮನಾಗುತ್ತೆ. ಇದು ಆಗಲೇ ನೊಂದಿದೆ. ಈಗ ಹಚ್ಚಿದ್ರೆ ಸತ್ತೂ ಹೋಗಬಹುದು. ನಾನು ಹಚ್ಚಲ್ಲ."

ಮದುವೆ ಮುರಿದುಬಿದ್ದರೆ ನನ್ನ ಗತಿಯೇನು ಎಂದು ನಾನು ಅಳತೊಡಗಿದೆ. ಅವರು ನನ್ನನ್ನು ಅಳಲು ಬಿಟ್ಟು ಮಗಳ ಕಡೆ ತಿರುಗಿ, "ನಿಂಗೇನು ಬೇಕು, ಮಗಾ?" ಎಂದರು.

"ಒಂದು ಲೋಟ ತಣ್ಣೀರು ಕುಡೀಬೇಕು ಮೇಡಂ. ಎರಡು ತಿಂಗಳಾಯ್ತು."

ದಿನವೂ ಅವಳ ತಟ್ಟೆಯ ಪಕ್ಕ ನೀರಿಟ್ಟವಳು ನಾನೇ. ಲೋಟ ಹಾಗೇ ಉಳಿಯುತ್ತಿದ್ದುದನ್ನು ನೋಡಿರಲಿಲ್ಲ.

ಡಾಕ್ಟರಮ್ಮ ಆವತ್ತೇ ಬಿರುಕು ಮುಚ್ಚಿದರು. ಬಿಳಿ ಮಾಡಲ್ಲ ಎಂದದ್ದು ತಾವೇ ಎಂದು ಗಂಡಿನ ಕಡೆಯವರಿಗೆ ತಿಳಿಸಲು ಹೇಳಿದರು, ಬೇಕಾದರೆ ಅವರೇ ಬಂದು ಕೇಳಲಿ ಎಂದರು. ಹುಡುಗ ಬಂದ. ಹಲ್ಲು ಉಳಿಯುತ್ತದಾ ಎಂದು ಕೇಳಿದ. ನೋಡಿಕೊಂಡರೆ ಉಳಿಯಬಹುದು ಎಂದರು. "ಹಂಗಾದ್ರೆ ಹಿಂಗೇ ಇರ್ಲಿ ಬಿಡಿ" ಎಂದು ಎದ್ದುಹೋದ.

ಕಂದು ಹಲ್ಲಿನಲ್ಲೇ ಮದುವೆಯಾಯಿತು. ಸೋದರತ್ತೆ ಒಂದೆರಡು ಮಾತು ಆಡಿದರು, ಆಡಿ ಊಟಕ್ಕೆ ಹೋದರು. ತಿಂಗಳುಗಳು ಕಳೆದು ನೋವು ಪೂರ್ತಿ ಹೋದ ಮೇಲೆ ಡಾಕ್ಟರಮ್ಮ ತಾವೇ ಕರೆಸಿ, ಅಷ್ಟಷ್ಟೇ ಔಷಧಿ ಹಚ್ಚಿ, ನಡುನಡುವೆ ಬಿಡುವು ಕೊಟ್ಟು ಗೆರೆಗಳನ್ನು ಮಸುಕು ಮಾಡಿದರು. ಪೂರ್ತಿ ಹೋಗಲಿಲ್ಲ. ಹಲ್ಲಿಗೆ ಇವತ್ತಿಗೂ ಜೀವವಿದೆ.

ಸ್ವಾಮಿ ನನ್ನ ಪ್ರಾರ್ಥನೆ ಕೇಳಲಿಲ್ಲ ಎಂದು ಅವತ್ತು ಕೊರಗಿದ್ದೆ. ಕೇಳದಿದ್ದದ್ದೇ ಅವನ ಕರುಣೆ. ಆದರೆ ಡಾಕ್ಟರಮ್ಮನಿಗೆ ತಪ್ಪಾಯಿತು ಎಂದು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೋದಾಗೆಲ್ಲ ತೆಂಗಿನಕಾಯಿ, ಸೊಪ್ಪು ಕೊಟ್ಟು ಬರುತ್ತಿದ್ದೆ, ಅಷ್ಟೇ. ಇವತ್ತು ದೇವರ ಮುಂದೆ ಅವರ ಹೆಸರಿನಲ್ಲಿ ಇನ್ನೊಂದು ದೀಪ ಹಚ್ಚಿ ತಪ್ಪಾಯಿತು ಎಂಬ ಆ ಮಾತು ಹೇಳಿದೆ. ಆಮೇಲೆ ಅಡುಗೆಮನೆಗೆ ಹೋಗಿ ಅನ್ನಕ್ಕೆ ಎಸರಿಟ್ಟೆ.