ಬೈತಲೆ ಯಾವ ಕಡೆ

ಬೆಳಕು ಹರಿಯುವ ಮುಂಚೆಯೇ ಪಾರ್ಲರಿನ ಶಟರ್ ಅರ್ಧ ಮೇಲೇರಿದೆ. ಪೂರ್ತಿ ಎತ್ತಿದರೆ ಬೀದಿಗೆಲ್ಲ ಕಾಣುತ್ತದೆ; ಕೂದಲು ಬಿಚ್ಚಿ ಕೂರುವ ಅಜ್ಜಿಯರಿಗೆ ಅದು ಹಿಡಿಸದು. ಹಾಗಾಗಿ ಯಾರೇ ಬಂದರೂ ಬಗ್ಗಿಕೊಂಡೇ ಒಳಹೋಗಬೇಕು. ಒಳಗೆ ಪಾರ್ಲರಿನ ಒಡತಿ, ಎಲ್ಲರ ಬಾಚಣಿಗೆ ಅಕ್ಕ, ಬಕೆಟ್ಟಿನ ಬಿಸಿನೀರಿಗೆ ಮೊಣಕೈ ಅದ್ದಿ ಹದ ನೋಡುತ್ತಿದ್ದಾರೆ. ಬೆರಳನ್ನು ಅವರು ನಂಬುವುದಿಲ್ಲ. ವರ್ಷಗಟ್ಟಲೆ ಬಿಸಿನೀರು ಕಂಡು ಅದಕ್ಕೆ ಭಂಡತನ ಬಂದಿದೆಯಂತೆ.

ಅಕ್ಕನಿಗೆ ಅರವತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯೇ ಮನೆ. ವಯಸ್ಸಾದ ಹೆಂಗಸರಷ್ಟೇ ಗಿರಾಕಿಗಳು. ಮೊದಲು ಬೆಳಗಿಗೆ ಆರೇಳು ಜನ ಬರುತ್ತಿದ್ದರು. ಈಗ ಇಬ್ಬರು ಬಂದರೆ ಹೆಚ್ಚು. ಗೋಡೆಯ ಹಲಗೆಯ ಮೇಲೆ ಒಬ್ಬೊಬ್ಬರ ಹೇರ್‌ಪಿನ್ನಿಗೆ ಒಂದೊಂದು ಡಬ್ಬಿ. ಬರುವುದು ನಿಂತವರ ಡಬ್ಬಿಗಳೂ ಅಲ್ಲೇ ಇವೆ. ದಿನಾ ಧೂಳು ಒರೆಸುತ್ತಾರೆ. ಅವರ ಬಗ್ಗೆ ಬರೆಯಲೆಂದು ನೋಟ್‌ಬುಕ್ ಹಿಡಿದು ಬಂದಿರುವ ನಾನು ಏಕೆಂದು ಕೇಳಿದರೆ, “ಅವ್ರೇನು ಇನ್ನು ಬರಲ್ಲ ಅಂತ ಹೇಳಿ ಹೋದ್ರಾ?” ಎಂದು ನನ್ನನ್ನೇ ಕೇಳುತ್ತಾರೆ.

ಇಂದು ಒಂದು ಡಬ್ಬಿ ಹಲಗೆಯಿಂದಿಳಿದು ಚೀಲ ಸೇರುತ್ತದೆ. ಅದು ಹಿಂದೆ ಟೈಪಿಸ್ಟ್ ಆಗಿದ್ದ ಅಜ್ಜಿಯದು. ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾರೆ. ಮಲಗಿ ಮಲಗಿ ಜಡೆ ಗಂಟುಗಟ್ಟಿದೆ, ಬಂದು ಗಿಡ್ಡಕ್ಕೆ ಕತ್ತರಿಸಿಬಿಡಿ ಎಂದು ಮಗಳು ಫೋನ್ ಮಾಡಿದ್ದಾರೆ. ಚೀಲದಲ್ಲಿ ಕತ್ತರಿಯೂ ಇದೆ. ನಾನೂ ಅಕ್ಕನ ಜೊತೆಗೆ ಹೊರಡುತ್ತೇನೆ.

ಅಜ್ಜಿಯ ಮಂಚ ಗೋಡೆಗೆ ಅಂಟಿಕೊಂಡಿದೆ, ತಲೆಯ ಹಿಂದೆ ನಿಲ್ಲಲು ಜಾಗವಿಲ್ಲ. ಅಕ್ಕ ಎದುರಿಗೆ ಕೂತು ಬೈತಲೆ ತೆಗೆಯುತ್ತಾರೆ. ಕಣ್ಣು ಮುಚ್ಚಿದ್ದ ಅಜ್ಜಿ ತಲೆಯ ಮೇಲೆ ಕೈಯಾಡಿಸಿಕೊಂಡು, “ಎಡಗಡೆ ಕಣೇ. ಇಷ್ಟು ವರ್ಷ ಬಾಚಿ ಮರೆತ್ಯಾ?” ಎನ್ನುತ್ತಾರೆ.

ಅಕ್ಕನ ಕೈ ನಿಲ್ಲುತ್ತದೆ. ಇಷ್ಟು ವರ್ಷವೂ ಅವರು ಆ ತಲೆಯನ್ನು ಹಿಂದಿನಿಂದ, ಇಲ್ಲವೇ ಕನ್ನಡಿಯಲ್ಲಿ ಕಂಡವರು. ಎದುರೆದುರು ಕೂತದ್ದು ಇದೇ ಮೊದಲು; ತನ್ನ ಎಡಕ್ಕೆ ತೆಗೆದ ಬೈತಲೆ ಅಜ್ಜಿಯ ಬಲಕ್ಕೆ ಬಿದ್ದಿದೆ.

ಮಗಳು ಬಾಗಿಲಲ್ಲೇ ನಿಂತಿದ್ದಾರೆ. ತನಗೂ ಕೆಲಸವಿದೆ, ದಿನಾ ಈ ಗಂಟು ಬಿಡಿಸುತ್ತ ಕೂರುವವರು ಯಾರು ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚು. ಅಜ್ಜಿ ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಮಗಳಿಗೆ ಕೇಳದ ಹಾಗೆ ಹೇಳುತ್ತಾರೆ: “ಕತ್ತರಿಸಿದ್ಮೇಲೆ ನೀನು ಯಾಕೆ ಬರ್ತೀಯ?”

ಅಕ್ಕ ಕತ್ತರಿ ತೆಗೆಯುವುದಿಲ್ಲ. ಮಂಚ ಈಚೆ ಎಳೆಯಲು ನನ್ನನ್ನೂ ಮಗಳನ್ನೂ ಕರೆಯುತ್ತಾರೆ. ತಮ್ಮ ಹಳೆಯ ಜಾಗದಲ್ಲಿ, ತಲೆಯ ಹಿಂದೆ ನಿಂತು, ಎಣ್ಣೆ ಸವರಿ, ತುದಿಯಿಂದ ಮೇಲಕ್ಕೆ ಒಂದೊಂದೇ ಗಂಟು ಬಿಡಿಸುತ್ತಾರೆ. ದಿಂಬಿಗೆ ಒತ್ತದ ಹಾಗೆ ಎರಡು ಸಣ್ಣ ಜಡೆ ಹೆಣೆದು ಭುಜದ ಮೇಲಿಂದ ಮುಂದಕ್ಕೆ ಬಿಡುತ್ತಾರೆ. ದಿನ ಬಿಟ್ಟು ದಿನ ತಾನೇ ಬರುವುದಾಗಿ ಮಗಳಿಗೆ ಹೇಳುತ್ತಾರೆ. ಎರಡು ಜಡೆ ಹಾಕಿ ಸ್ಕೂಲಿಗೆ ಕಳಿಸ್ತೀಯೇನೇ ಎಂದು ಅಜ್ಜಿ ಗೊಣಗುತ್ತಾರೆ. ಡಬ್ಬಿ ಅವರ ದಿಂಬಿನ ಪಕ್ಕದಲ್ಲೇ ಉಳಿಯುತ್ತದೆ.

ಮರಳುವಾಗ, ನಿಮ್ಮ ತಲೆ ಯಾರು ಬಾಚುತ್ತಾರೆ ಎಂದು ಕೇಳಿಬಿಡುತ್ತೇನೆ. ಅಕ್ಕ ಚೀಲವನ್ನು ಇನ್ನೊಂದು ಕೈಗೆ ಬದಲಿಸುತ್ತಾರೆ. ಅಂಗಡಿ ತಲುಪಿ, ಶಟರಿನಡಿ ಬಗ್ಗುವ ಮುಂಚೆ ಹೇಳುತ್ತಾರೆ:

“ನಂದು ಬಲಗಡೆ ಬೈತಲೆ. ಎದುರಿಗೆ ನಿಂತೋರ ಬಲ ಅಲ್ಲ, ನನ್ನ ಬಲ. ಅದನ್ನೂ ಬರ್ಕೋ ಪುಟ್ಟಿ. ಯಾರಿಗಾದ್ರೂ ಒಬ್ರಿಗೆ ಗೊತ್ತಿರ್ಲಿ.”